ರಾಸ್ಕಲ್ ಎಂಬ ರಕೂನ್ ಮರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಹಳೆಯ ಅನಿಮೇಷನ್ ಸರಣಿ 'ಅರಾಯ್‌ಗುಮಾ ರಾಸುಕಾರು' (ಅಂದರೆ ರಕೂನ್ ರಾಸ್ಕಲ್) ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅನಿಮೆ ಪ್ರಿಯರು ಕೇಳುವುದು ಒಂದು ಬಗೆಯಾದರೆ, ಕೆಲಸಕ್ಕೆಂದು ಜಪಾನಿಗೆ ಹೋಗಿ ಅಲ್ಲಿನ ಅಂಗಡಿಗಳಲ್ಲಿ ರಾಸ್ಕಲ್ ಗೊಂಬೆ ಕಂಡವರು ಕೇಳುವುದು ಇನ್ನೊಂದು ಬಗೆ. ಎಲ್ಲವನ್ನೂ ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂದು ಜೋಡಿಸಿದ್ದೇನೆ. ಎರಡನೆಯ ಭಾಗದಿಂದ ಕಥೆಯ ಕೊನೆಯೂ ಚರ್ಚೆಗೆ ಬರುತ್ತದೆ. ನೋಡುವ ಮೊದಲೇ ಅದು ತಿಳಿಯಬಾರದು ಎನ್ನುವವರು ಮೊದಲ ಭಾಗ ಓದಿ ನಿಲ್ಲಿಸಿ, ಸರಣಿ ನೋಡಿ ಮುಗಿಸಿ ಮತ್ತೆ ಬನ್ನಿ.

## ಮೊದಲ ಪರಿಚಯ

ಇದು ಯಾವ ಸರಣಿ? ಒಂದೆರಡು ಮಾತಲ್ಲಿ ಕಥೆ ಹೇಳಿ.

ಹನ್ನೊಂದು ವರ್ಷದ ಹುಡುಗ ಸ್ಟರ್ಲಿಂಗ್‌ಗೆ ಕಾಡಿನಲ್ಲಿ ಒಂದು ರಕೂನ್ ಮರಿ ಸಿಗುತ್ತದೆ. ಅದಕ್ಕೆ ರಾಸ್ಕಲ್ ಎಂದು ಹೆಸರಿಟ್ಟು ಮನೆಯಲ್ಲಿ ಸಾಕುತ್ತಾನೆ. ತುಂಟ ಎಂದು ಮುದ್ದಿನಿಂದ ಕರೆದ ಹೆಸರದು, ನಾವು ಬೈಯಲು ಬಳಸುವಷ್ಟು ಖಾರ ಅದಕ್ಕಿಲ್ಲ. ಅವರಿಬ್ಬರೂ ಒಟ್ಟಿಗೆ ಕಳೆದ ಸುಮಾರು ಒಂದು ವರ್ಷದ ಕಥೆ ಇದು. ಕಾಲ 1918ರ ಆಸುಪಾಸು, ಊರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಪಟ್ಟಣ.

ನಿಪ್ಪಾನ್ ಅನಿಮೇಷನ್ ಸಂಸ್ಥೆ ತಯಾರಿಸಿದ ಈ ಸರಣಿ ಫುಜಿ ಟಿವಿಯಲ್ಲಿ 1977ರ ಜನವರಿ 2ರಿಂದ ಡಿಸೆಂಬರ್ 25ರವರೆಗೆ ಭಾನುವಾರ ಸಂಜೆ ಏಳೂವರೆಗೆ ಬರುತ್ತಿತ್ತು. ಒಟ್ಟು 52 ಕಂತು. ನಿರ್ದೇಶಕರು ಮೂವರು: ಹಿರೋಶಿ ಸೈತೋ, ಸೇಜಿ ಎಂದೋ ಮತ್ತು ಶಿಗೆಒ ಕೋಶಿ. ಸಂಗೀತ ತಾಕೆಒ ವತನಾಬೆ ಅವರದು.

ರಕೂನ್ ಅಂದ್ರೆ ಯಾವ ಪ್ರಾಣಿ? ನಮ್ಮ ಕಾಡಲ್ಲಿ ಇದೆಯಾ?

ಇಲ್ಲ. ರಕೂನ್‌ನ ತವರು ಉತ್ತರ ಮತ್ತು ಮಧ್ಯ ಅಮೆರಿಕ. ನಾಲ್ಕರಿಂದ ಹತ್ತು ಕಿಲೋ ತೂಗುವ ಬೂದು ಬಣ್ಣದ ಪ್ರಾಣಿ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬ ಕಪ್ಪು ಬಳೆ. ರಾತ್ರಿ ಓಡಾಡುತ್ತದೆ, ಮರ ಹತ್ತುತ್ತದೆ, ಈಜುತ್ತದೆ, ಹಣ್ಣಿನಿಂದ ಹಿಡಿದು ಕಪ್ಪೆ, ಏಡಿ, ಮೊಟ್ಟೆಯವರೆಗೆ ಸಿಕ್ಕಿದ್ದೆಲ್ಲ ತಿನ್ನುತ್ತದೆ. ಮಲೆನಾಡಿನ ಹಂಚಿನ ಮನೆಗಳ ಅಟ್ಟಕ್ಕೆ ಸೇರಿಕೊಳ್ಳುವ ಮರಬೆಕ್ಕನ್ನು ನೋಡಿದವರಿಗೆ ಇದರ ಸ್ವಭಾವ ಅರ್ಧ ಅರ್ಥವಾದಂತೆ, ಎರಡಕ್ಕೂ ರಕ್ತಸಂಬಂಧ ಇಲ್ಲದಿದ್ದರೂ.

ಅದರ ವಿಶೇಷ ಇರುವುದು ಮುಂಗಾಲುಗಳಲ್ಲಿ. ಐದು ಉದ್ದ ಬೆರಳುಗಳ ಆ ಕಾಲು ಕೈಯಂತೆಯೇ ಕೆಲಸ ಮಾಡುತ್ತದೆ. ಚಿಲಕ ತೆಗೆಯುತ್ತದೆ, ಮುಚ್ಚಳ ಬಿಚ್ಚುತ್ತದೆ, ಜೇಬಿಗೆ ಕೈ ಹಾಕುತ್ತದೆ. ಸರಣಿಯ ಅರ್ಧ ತಮಾಷೆ, ಅರ್ಧ ರಗಳೆ ಎರಡೂ ಈ ಕೈಗಳಿಂದಲೇ ಹುಟ್ಟುತ್ತವೆ.

ತನುಕಿ ಅಂತ ಜಪಾನಿ ಕಥೆಗಳಲ್ಲಿ ಬರುತ್ತಲ್ಲ, ಅದೇ ಅಲ್ವಾ ಇದು?

ಅಲ್ಲ. ತನುಕಿ ಜಪಾನಿನದೇ ಪ್ರಾಣಿ, ನಾಯಿ ಕುಟುಂಬಕ್ಕೆ ಸೇರಿದ್ದು. ಮುಖದ ಕಪ್ಪು ಗುರುತು ನೋಡಿ ಜಪಾನಿನವರೂ ಎರಡನ್ನೂ ಬೆರೆಸಿಬಿಡುತ್ತಾರೆ. ಬಾಲ ನೋಡಿದರೆ ಸಾಕು: ಬಳೆ ಇದ್ದರೆ ರಕೂನ್, ಇಲ್ಲದಿದ್ದರೆ ತನುಕಿ. ಕೆಸರಿನಲ್ಲಿ ಹೆಜ್ಜೆ ಮಾತ್ರ ಕಂಡರೆ ಬೆರಳು ಎಣಿಸಿ. ತನುಕಿಯದು ನಾಯಿಯಂತೆ ನಾಲ್ಕು, ರಕೂನ್‌ದು ಐದು.

ಜಪಾನಿನವರು ಅಮೆರಿಕದ ಹಳ್ಳಿ ಕಥೆ ಯಾಕೆ ಮಾಡಿದರು?

ಆ ಭಾನುವಾರದ ಸಮಯದ ರೂಢಿಯೇ ಹಾಗಿತ್ತು. ಕಾಲ್ಪಿಸ್ ಎಂಬ ಪಾನೀಯದ ಕಂಪನಿ ಪ್ರಾಯೋಜಿಸುತ್ತಿದ್ದ ಆ ಹೊತ್ತಿನಲ್ಲಿ ಬೇರೆ ದೇಶಗಳ ಮಕ್ಕಳ ಸಾಹಿತ್ಯವನ್ನು ವರ್ಷಕ್ಕೊಂದರಂತೆ ಸರಣಿ ಮಾಡುತ್ತಿದ್ದರು. 1974ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಹುಡುಗಿ ಹೈಡಿ, 1975ರಲ್ಲಿ ಬೆಲ್ಜಿಯಂನ ಬಡ ಹುಡುಗ ಮತ್ತು ಅವನ ನಾಯಿ, 1976ರಲ್ಲಿ ತಾಯಿಯನ್ನು ಹುಡುಕುತ್ತ ಇಟಲಿಯಿಂದ ಅರ್ಜೆಂಟೀನಾಗೆ ಹೊರಟ ಮಾರ್ಕೋ. ಅದರ ಮುಂದಿನ ಸರದಿ ರಾಸ್ಕಲ್‌ದು.

ಈ ಸರಣಿಗಳಲ್ಲಿ ಮಾಯ ಮಂತ್ರ ಇಲ್ಲ, ಯುದ್ಧಯಂತ್ರ ಇಲ್ಲ. ರೊಟ್ಟಿ ಸುಡುವುದು, ಹುಲ್ಲು ಕೊಯ್ಯುವುದು, ಮಳೆ ಬರುವ ಮುಂಚಿನ ಬೆಳಕು, ಇಂಥದ್ದನ್ನೇ ನಿಧಾನವಾಗಿ ತೋರಿಸುತ್ತಾರೆ. ದಿನನಿತ್ಯದ ಬದುಕನ್ನು ಇಷ್ಟು ಗೌರವದಿಂದ ಬರೆದ ಕಾರ್ಟೂನುಗಳು ಪ್ರಪಂಚದಲ್ಲಿ ಬೇರೆ ಹೆಚ್ಚು ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಜವಾಗಿ ನಡೆದ ಕಥೆ ಅಂತಾರೆ, ಹೌದಾ?

ಹೌದು. ಅಮೆರಿಕದ ಲೇಖಕ ಸ್ಟರ್ಲಿಂಗ್ ನಾರ್ತ್ ತಮ್ಮ ಬಾಲ್ಯವನ್ನು ನೆನೆದು 1963ರಲ್ಲಿ ಪ್ರಕಟಿಸಿದ ಪುಸ್ತಕ ಇದರ ಮೂಲ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ಪ್ರತಿಷ್ಠಿತ ನ್ಯೂಬೆರಿ ಗೌರವ ಸಿಕ್ಕಿತು. ಅವರು 1906ರಲ್ಲಿ ವಿಸ್ಕಾನ್ಸಿನ್‌ನ ಎಡ್ಜರ್ಟನ್ ಬಳಿ ಹುಟ್ಟಿದವರು. ಪುಸ್ತಕದಲ್ಲಿ ಊರಿಗೆ ಬ್ರೇಲ್ಸ್‌ಫೋರ್ಡ್ ಜಂಕ್ಷನ್ ಎಂದು ಹೆಸರು ಬದಲಿಸಿದ್ದಾರೆ. ಆದರೆ ರಾಕ್ ನದಿ, ಕಾಷ್ಕನಾಂಗ್ ಸರೋವರ ಇವೆಲ್ಲ ಇಂದಿಗೂ ಅಲ್ಲೇ ಇವೆ. ಸರಣಿಯ ಆರಂಭದ ಹಾಡು ಕೂಡ ರಾಕ್ ನದಿಯ ಕಡೆಗೆ ಕರೆಯುವ ಹಾಡೇ, ಹಾಡಿದವರು ಕುಮಿಕೋ ಓಸುಗಿ.

ಸ್ಟರ್ಲಿಂಗ್ ನಾರ್ತ್ 1974ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಜಪಾನಿನ ಮನೆಮನೆಗಳಲ್ಲಿ ತನ್ನ ರಾಸ್ಕಲ್ ಓಡಾಡಿದ್ದನ್ನು ನೋಡಲು ಅವರಿರಲಿಲ್ಲ.

ಎಷ್ಟು ವಯಸ್ಸಿನ ಮಕ್ಕಳಿಗೆ ತೋರಿಸಬಹುದು?

ಆರೇಳು ವರ್ಷದಿಂದ ಮೇಲಿನವರಿಗೆ ಧಾರಾಳವಾಗಿ ತೋರಿಸಿ. ಹೊಡೆದಾಟ ಇಲ್ಲ, ಸಾವು ಇದೆ. ಅಮ್ಮನ ಕಾಯಿಲೆಯ ಕಂತುಗಳನ್ನು ಚಿಕ್ಕ ಮಕ್ಕಳು ಒಬ್ಬರೇ ಕೂತು ನೋಡುವುದು ಬೇಡ, ಪಕ್ಕದಲ್ಲಿ ದೊಡ್ಡವರು ಇರಲಿ. ಇನ್ನೊಂದು ಮಾತು: ಶುರು ಮಾಡಿದರೆ 52 ಕಂತನ್ನೂ ತೋರಿಸಿ. ಮುದ್ದಾದ ಮೊದಲ ಹತ್ತಿಪ್ಪತ್ತು ಕಂತು ನೋಡಿ ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಬೇರೆಯೇ ಕಥೆ. ಯಾಕೆ ಹೀಗೆ ಹೇಳುತ್ತೇನೆ ಎಂಬುದು ಮೂರನೆಯ ಭಾಗದಲ್ಲಿ ತಿಳಿಯುತ್ತದೆ.

## ಸರಣಿಯ ಒಳಗೆ

ಸಕ್ಕರೆ ಉಂಡೆ ನೀರಲ್ಲಿ ತೊಳೆಯುತ್ತಲ್ಲ, ನಿಜವಾದ ರಕೂನ್ ಹಾಗೆ ಮಾಡುತ್ತಾ?

ಮಾಡುತ್ತದೆ. ಆ ಪ್ರಸಂಗ ಮೂಲ ಪುಸ್ತಕದಲ್ಲೂ ಇದೆ. ರಾಸ್ಕಲ್‌ಗೆ ಸಕ್ಕರೆಯ ಬಿಲ್ಲೆ ಕೊಡುತ್ತಾರೆ. ಅದು ಎಂದಿನಂತೆ ಹಾಲಿನ ಬಟ್ಟಲಿಗೆ ಅದ್ದಿ ಉಜ್ಜುತ್ತದೆ. ಸಕ್ಕರೆ ಕರಗಿ ಕೈ ಖಾಲಿಯಾಗುತ್ತದೆ. ಬಟ್ಟಲ ತಳವನ್ನೆಲ್ಲ ತಡಕಾಡುತ್ತದೆ. ಇನ್ನೊಂದು ಬಿಲ್ಲೆ ಕೊಟ್ಟಾಗ ಸ್ವಲ್ಪ ಯೋಚಿಸಿ, ಅದ್ದದೆ ನೇರ ಬಾಯಿಗೆ ಹಾಕಿಕೊಳ್ಳುತ್ತದೆ. ಇಡೀ ಕಥೆಯಲ್ಲಿ ನನಗೆ ತೀರ ಇಷ್ಟವಾದ ಗಳಿಗೆ ಇದು. ಒಂದು ಪ್ರಾಣಿ ನಮ್ಮ ಕಣ್ಣೆದುರೇ ಕಲಿಯುತ್ತದೆ.

ಆದರೆ ಇದು ಶುಚಿತ್ವಕ್ಕಾಗಿ ಮಾಡುವ ಕೆಲಸವಲ್ಲ. ಕಾಡಿನಲ್ಲಿ ರಕೂನ್‌ಗಳು ಹಳ್ಳದ ಅಂಚಿನಲ್ಲಿ ಕೂತು ನೀರಿನೊಳಗೆ ಕೈಯಾಡಿಸಿ ಏಡಿ, ಸೀಗಡಿ ಹಿಡಿಯುತ್ತವೆ. ಕಣ್ಣು ಬೇರೆಲ್ಲೋ ಇದ್ದರೂ ಬೆರಳು ಆಹಾರವನ್ನು ಗುರುತಿಸುತ್ತದೆ. ನೀರು ತಾಗಿದಾಗ ಆ ಸ್ಪರ್ಶ ಇನ್ನಷ್ಟು ಚುರುಕಾಗುತ್ತದೆ. ಬೋನಿನಲ್ಲಿ ಇಟ್ಟ ಪ್ರಾಣಿ, ಹುಡುಕಲು ಹಳ್ಳವಿಲ್ಲದಿದ್ದರೂ ಕೊಟ್ಟ ತಿಂಡಿಯನ್ನೇ ನೀರಿಗೆ ಹಾಕಿ ಆ ಹುಡುಕಾಟವನ್ನು ಮತ್ತೆ ಮಾಡುತ್ತದೆ. ನಾವು ತೊಳೆಯುವುದು ಎಂದುಕೊಳ್ಳುವುದು ಇದನ್ನೇ. ಇದು ಗೊತ್ತಾದ ಮೇಲೆ ಆ ದೃಶ್ಯದಲ್ಲಿ ಮುದ್ದಿನ ಜೊತೆಗೆ, ಕಾಡನ್ನು ಕಾಣದೆಯೂ ಕಾಡನ್ನು ಮರೆಯದ ಪ್ರಾಣಿಯೊಂದು ಕಾಣಿಸುತ್ತದೆ.

ಇದು ಮಿಯಾಜಾಕಿ ಮಾಡಿದ ಸರಣಿಯಂತೆ?

ಮುಂದೆ ಜಗತ್ಪ್ರಸಿದ್ಧ ಅನಿಮೇಷನ್ ನಿರ್ದೇಶಕರಾದ ಹಯಾವೋ ಮಿಯಾಜಾಕಿ ಇದರಲ್ಲಿ ಕೆಲಸ ಮಾಡಿದ್ದಾರೆ, ನಿರ್ದೇಶನ ಅವರದಲ್ಲ. ಹಲವು ಕಂತುಗಳಿಗೆ ಚಲನೆಯ ಮುಖ್ಯ ಚಿತ್ರಗಳನ್ನು ಬರೆದವರಲ್ಲಿ ಅವರೂ ಒಬ್ಬರು. ಮುಂದಿನ ವರ್ಷ, 1978ರಲ್ಲಿ, ಇದೇ ಸಂಸ್ಥೆಯಲ್ಲಿ ಅವರು ಮೊದಲ ಬಾರಿಗೆ ತಮ್ಮದೇ ನಿರ್ದೇಶನದ ಪೂರ್ಣ ಸರಣಿಗೆ ಕೈ ಹಾಕಿದರು. ಅವರ ಹೆಸರಿಗಾಗಿ ಈ ಸರಣಿಗೆ ಬಂದರೂ ಅಡ್ಡಿಯಿಲ್ಲ, ಆದರೆ ಮೂವರು ನಿರ್ದೇಶಕರ ಶ್ರಮವನ್ನು ಅವರ ಖಾತೆಗೆ ಬರೆಯುವುದು ನ್ಯಾಯವಲ್ಲ.

ರಾಸ್ಕಲ್‌ಗೆ ದನಿ ಕೊಟ್ಟವರು ಯಾರು?

ಮಾಸಾಕೋ ನೊಜಾವಾ. ಡ್ರ್ಯಾಗನ್ ಬಾಲ್ ಎಂಬ ಅನಿಮೆ ಸರಣಿಯ ನಾಯಕ ಗೋಕು ಕೂಡ ಅವರದೇ ದನಿ. ಇಲ್ಲಿ ಅವರಿಗೆ ಒಂದು ಮಾತೂ ಇಲ್ಲ, ಇರುವುದು ಮರಿಯ ಕೂಗು ಮತ್ತು ಗುರುಗುಟ್ಟುವಿಕೆ ಮಾತ್ರ. ಪ್ರಾಣಿಗಳ ಬಾಯಿಗೆ ಮನುಷ್ಯರ ಮಾತು ತುರುಕದೆ ಇದ್ದದ್ದು ಈ ಸರಣಿಯ ದೊಡ್ಡ ಗುಣ. ರಾಸ್ಕಲ್‌ಗೆ ಏನನ್ನಿಸುತ್ತದೆ ಎಂಬುದನ್ನು ಸ್ಟರ್ಲಿಂಗ್ ಊಹಿಸಬೇಕು, ನಾವೂ ಊಹಿಸಬೇಕು.

ಪುಸ್ತಕಕ್ಕೂ ಸರಣಿಗೂ ಏನು ವ್ಯತ್ಯಾಸ?

ಬಹಳ ಇದೆ. ಪುಸ್ತಕ ಶುರುವಾಗುವಾಗ ತಾಯಿ ತೀರಿಕೊಂಡು ವರ್ಷಗಳಾಗಿವೆ. ಸರಣಿಯಲ್ಲಿ ಅಮ್ಮ ಬದುಕಿದ್ದಾಳೆ, ಕಾಯಿಲೆಯಲ್ಲಿದ್ದಾಳೆ, ನಡುವೆ ಅಗಲುತ್ತಾಳೆ. ಹುಡುಗನೊಬ್ಬ ಮರಿ ಸಾಕುವ ಕಥೆಯ ಪಕ್ಕದಲ್ಲೇ ಅವನು ತಾಯಿಯಿಲ್ಲದವನಾಗುವ ಕಥೆಯೂ ನಡೆಯುವುದರಿಂದ ರಾಸ್ಕಲ್ ಮೇಲಿನ ಅವನ ಹಟದ ಪ್ರೀತಿಗೆ ಬೇರೆಯೇ ತೂಕ ಬಂದಿದೆ. ಗೆಳತಿ ಆಲಿಸ್ ಪಾತ್ರ ಸರಣಿಯವರು ಸೇರಿಸಿದ್ದು.

ಪುಸ್ತಕದಲ್ಲಿರುವ ಇನ್ನೊಂದು ಸಂಗತಿ ತುಸು ಕಹಿ. ಸ್ಟರ್ಲಿಂಗ್, ಗೆಳೆಯ ಆಸ್ಕರ್ ಮತ್ತು ದೊಡ್ಡ ನಾಯಿ ವೌಸರ್ ಸೇರಿ ರಕೂನ್ ಬಿಲವನ್ನು ಅಗೆಯುತ್ತಾರೆ. ತಾಯಿ ಉಳಿದ ಮರಿಗಳೊಂದಿಗೆ ಓಡುತ್ತದೆ, ಹಿಂದುಳಿದ ಒಂದನ್ನು ಹುಡುಗರು ಟೋಪಿಯಲ್ಲಿಟ್ಟು ತರುತ್ತಾರೆ. ಅಂದರೆ ಆ ಮರಿ ಅನಾಥವಾಗಿರಲಿಲ್ಲ, ಅನಾಥವಾದದ್ದು ಇವರಿಂದ. ದೊಡ್ಡವನಾದ ಲೇಖಕ ಅದನ್ನು ಮುಚ್ಚಿಡದೆ ಬರೆದಿದ್ದಾನೆ. ಅದೇ ಪುಸ್ತಕದಲ್ಲಿ, ಮೊದಲ ಮಹಾಯುದ್ಧ ಮುಗಿದ ದಿನ ಹುಡುಗ ತನ್ನ ಬೇಟೆಯ ಬೋನುಗಳನ್ನು ಕೈಬಿಡುತ್ತಾನೆ. ಅಣ್ಣ ಹರ್ಷೆಲ್ ಫ್ರಾನ್ಸಿನ ರಣರಂಗದಲ್ಲಿದ್ದ ಕಾಲ ಅದು.

ಅಷ್ಟು ಪ್ರೀತಿ ಇದ್ದ ಮೇಲೆ ಕೊನೆಗೆ ಬಿಟ್ಟುಬಿಡೋದು ಯಾಕೆ? ಇಟ್ಟುಕೊಳ್ಳಬಾರದಿತ್ತಾ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದೇ, ಅದೂ ಕಣ್ಣೊರೆಸಿಕೊಳ್ಳುತ್ತ.

ಬಿಡುವ ಹೊತ್ತಿಗೆ ಏನೇನಾಗಿದೆ ನೋಡಿ. ರಾಸ್ಕಲ್‌ಗೆ ಎಳೆ ಮೆಕ್ಕೆಜೋಳದ ರುಚಿ ಹತ್ತಿದೆ. ರಾತ್ರಿ ಹೊತ್ತು ನೆರೆಹೊರೆಯವರ ಹೊಲಕ್ಕೆ ನುಗ್ಗುತ್ತದೆ. ಅವರು ಬಂದು ಜಗಳಾಡುತ್ತಾರೆ, ಇನ್ನೊಮ್ಮೆ ಕಂಡರೆ ಗುಂಡು ಹಾರಿಸುತ್ತೇವೆ ಎನ್ನುತ್ತಾರೆ. ಕೊರಳಿಗೆ ಪಟ್ಟಿ ಬರುತ್ತದೆ, ಆಮೇಲೆ ಬೋನು ಬರುತ್ತದೆ. ಮನೆಯ ತುಂಬ ಓಡಾಡಿಕೊಂಡು, ಸೈಕಲ್ಲಿನ ಬುಟ್ಟಿಯಲ್ಲಿ ಕೂತು ಊರು ಸುತ್ತಿದ ಪ್ರಾಣಿ ಕಂಬಿ ಹಿಡಿದು ನಿಲ್ಲುತ್ತದೆ. ಇದರಲ್ಲಿ ಯಾರೂ ಕೆಟ್ಟವರಿಲ್ಲ. ರೈತನಿಗೆ ಅವನ ಬೆಳೆ ಬದುಕು. ರಾಸ್ಕಲ್‌ಗೆ ಜೋಳ ಕಂಡರೆ ತಿನ್ನದಿರಲು ಬರುವುದಿಲ್ಲ. ಇಟ್ಟುಕೊಳ್ಳುವುದೆಂದರೆ ಬೋನಿನಲ್ಲೇ ಇಟ್ಟುಕೊಳ್ಳುವುದು ಎಂದು ಹುಡುಗನಿಗೆ ನಿಧಾನವಾಗಿ ಅರಿವಾಗುತ್ತದೆ. ಪ್ರಾಣಿಗೂ ವಯಸ್ಸು ಬಂದಿದೆ, ತನ್ನ ಜಾತಿಯ ಸಂಗಾತಿಯ ಕೂಗಿಗೆ ಕಿವಿ ನಿಮಿರುತ್ತದೆ. ಸರಣಿಯಲ್ಲಿ ಹುಡುಗ ಓದಿಗಾಗಿ ಮಿಲ್ವಾಕಿಗೆ ಹೊರಡಬೇಕಾದ ಸಂದರ್ಭವೂ ಕೂಡಿಕೊಳ್ಳುತ್ತದೆ.

ಅವನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಬಿಡುವುದು ಎಲ್ಲಿಗೆ ಎಂಬುದನ್ನು ಗಮನಿಸಿ. ಅದೇ ಜಾತಿಯ ಪ್ರಾಣಿಗಳು ಇರುವ ಕಾಡಿಗೆ, ಮರಿಯಾಗಿದ್ದಾಗ ಎತ್ತಿ ತಂದ ಸೀಮೆಗೆ. ಅಲ್ಲಿನ ಹಳ್ಳದಲ್ಲಿ ಏನಿದೆ, ಚಳಿಗಾಲದಲ್ಲಿ ಎಲ್ಲಿ ಮುದುಡಿಕೊಳ್ಳಬೇಕು ಎಂಬುದಕ್ಕೆ ಅದರ ಮೈ ಹೊಂದಿಕೊಂಡೇ ಹುಟ್ಟಿದೆ. ಅದನ್ನು ಹಿಡಿದು ತಿನ್ನುವ ಪ್ರಾಣಿಗಳೂ ಅಲ್ಲಿವೆ, ಅದರ ಲೆಕ್ಕ ಅಲ್ಲಿನ ಕಾಡಿಗೆ ಗೊತ್ತಿದೆ. ಬಿಡುಗಡೆ ಸರಿಯಾದದ್ದು ಪ್ರೀತಿಯ ಕಾರಣಕ್ಕೆ ಎಷ್ಟೋ, ಜಾಗದ ಕಾರಣಕ್ಕೂ ಅಷ್ಟೇ. ಈ ಎರಡನೆಯ ಕಾರಣ ನೋಡುಗರ ಕಣ್ಣಿಗೆ ಬೀಳದೆ ಹೋದದ್ದರಿಂದ ಮುಂದೆ ಜಪಾನಿನಲ್ಲಿ ದೊಡ್ಡ ಅನಾಹುತವಾಯಿತು.

## ತೆರೆಯ ಆಚೆ

ಈ ಕಾರ್ಟೂನ್ ನೋಡಿ ಜಪಾನ್ ತುಂಬ ರಕೂನ್ ತುಂಬಿಕೊಂಡವಂತೆ, ನಿಜವಾ?

ದೊಡ್ಡ ಪಾಲು ನಿಜ, ಪೂರ್ತಿ ಅಲ್ಲ. ಸರಣಿ ಬರುವ 15 ವರ್ಷ ಮೊದಲೇ, 1962ರಲ್ಲಿ, ಐಚಿ ಪ್ರಾಂತ್ಯದ ಇನುಯಾಮಾದಲ್ಲಿ ಸಾಕಿದ್ದ ರಕೂನ್‌ಗಳು ತಪ್ಪಿಸಿಕೊಂಡು ಕಾಡು ಸೇರಿದ್ದವು. ಜಪಾನಿನಲ್ಲಿ ಅವು ಕಾಡುಪ್ರಾಣಿಯಾದದ್ದು ಅಲ್ಲಿಂದ.

ಆದರೆ 1977ರ ನಂತರ ನಡೆದದ್ದು ಬೇರೆ ಪ್ರಮಾಣದ್ದು. ಮಕ್ಕಳು ರಾಸ್ಕಲ್ ಬೇಕು ಎಂದರು. ವ್ಯಾಪಾರಿಗಳು ಉತ್ತರ ಅಮೆರಿಕದಿಂದ ಮರಿಗಳನ್ನು ತರಿಸಿದರು. ಸಾಕುಪ್ರಾಣಿ ಅಂಗಡಿಗಳಲ್ಲಿ ಅವು ಮಾರಾಟಕ್ಕೆ ಬಂದವು. ಮರಿಯಾಗಿದ್ದಾಗ ರಕೂನ್ ಮಡಿಲಲ್ಲೇ ಮಲಗುತ್ತದೆ. ವರ್ಷ ತುಂಬಿ ಬಲಿತ ಮೇಲೆ ಕಚ್ಚುತ್ತದೆ, ಪರಚುತ್ತದೆ, ಕಪಾಟು ಬಿಚ್ಚುತ್ತದೆ, ಚಿಕ್ಕ ಮನೆಯಲ್ಲಿ ಅದನ್ನು ಹಿಡಿದಿಡುವುದು ಯಾರಿಂದಲೂ ಆಗದ ಕೆಲಸ. ಕೆಲವು ತಾವೇ ಬೋನು ತೆರೆದುಕೊಂಡು ಹೋದವು. ಇನ್ನು ಕೆಲವನ್ನು ಮನೆಯವರೇ ಕಾಡಂಚಿಗೆ ಒಯ್ದು ಬಿಟ್ಟರು. 1979ರಲ್ಲಿ ಹೊಕ್ಕಾಯ್ಡೋದ ಎನಿವಾದಲ್ಲಿ ಸಾಕಿದ್ದ ಹತ್ತರಷ್ಟು ಪ್ರಾಣಿಗಳು ತಪ್ಪಿಸಿಕೊಂಡದ್ದು ಆ ದ್ವೀಪದ ರಕೂನ್ ಸಂತತಿಯ ಆರಂಭ ಎನ್ನುತ್ತಾರೆ. ಈಗ ದೇಶದ ಬಹುಪಾಲು ಪ್ರಾಂತ್ಯಗಳಲ್ಲಿ ಅವು ನೆಲೆಯೂರಿವೆ.

ಹತ್ತು ಪ್ರಾಣಿ ತಪ್ಪಿಸಿಕೊಂಡರೆ ದೇಶವೆಲ್ಲ ಹರಡೋದು ಹೇಗೆ ಸಾಧ್ಯ?

ಹೆಣ್ಣು ರಕೂನ್ ಒಂದು ವರ್ಷಕ್ಕೇ ಮರಿ ಹಾಕಲು ಸಿದ್ಧ. ಸುಮಾರು 63 ದಿನ ಗರ್ಭ, ಒಂದು ಸೂಲಿಗೆ ಮೂರು ನಾಲ್ಕು ಮರಿ. ಜಪಾನಿನಲ್ಲಿ ಅದನ್ನು ಹಿಡಿಯುವ ದೊಡ್ಡ ಬೇಟೆಪ್ರಾಣಿ ಇಲ್ಲ. ಅಲ್ಲಿನ ತೋಳ ಒಂದು ಶತಮಾನಕ್ಕೂ ಹಿಂದೆಯೇ ಅಳಿದುಹೋಗಿದೆ. ಹಳ್ಳಿಗಳಲ್ಲಿ ಜನ ಕಡಿಮೆಯಾಗಿ ಖಾಲಿ ಮನೆಗಳು ಹೆಚ್ಚುತ್ತಿವೆ, ಅವುಗಳ ಅಟ್ಟ ಮರಿ ಹಾಕಲು ಹೇಳಿ ಮಾಡಿಸಿದ ಜಾಗ. ಹೊಲದಲ್ಲಿ ಊಟ, ಕಾಲುವೆಯಲ್ಲಿ ದಾರಿ. ಇನ್ನೇನು ಬೇಕು?

ಇದು ಜಪಾನಿನ ಕಥೆ ಮಾತ್ರವೂ ಅಲ್ಲ. ಜರ್ಮನಿಯಲ್ಲಿ 1934ರಲ್ಲಿ ಏಡರ್ ಸರೋವರದ ಬಳಿ ಎರಡು ಜೋಡಿ ರಕೂನ್‌ಗಳನ್ನು ಬೇಕೆಂದೇ ಬಿಟ್ಟರು. ಇವತ್ತು ಅಲ್ಲಿ ಲಕ್ಷಗಟ್ಟಲೆ ಇವೆ, ಹತ್ತಿರದ ಕಾಸೆಲ್ ನಗರ ರಕೂನ್‌ಗಳಿಗೇ ಹೆಸರಾಗಿದೆ. ಅಲ್ಲಿ ಯಾವ ಕಾರ್ಟೂನೂ ಬೇಕಾಗಲಿಲ್ಲ.

ಅಷ್ಟಕ್ಕೂ ಅವು ಮಾಡುವ ಹಾನಿ ಏನು?

ಮೊದಲು ಹೊಲ. ಮೆಕ್ಕೆಜೋಳ, ಕಲ್ಲಂಗಡಿ, ಕರ್ಬೂಜ, ದ್ರಾಕ್ಷಿ, ಸ್ಟ್ರಾಬೆರಿ. ಕಲ್ಲಂಗಡಿಗೆ ಕೈ ಹೋಗುವಷ್ಟು ತೂತು ಮಾಡಿ ಒಳಗಿನ ತಿರುಳನ್ನೆಲ್ಲ ಬಾಚಿ ತಿನ್ನುತ್ತವೆ, ಹೊರಗಿನಿಂದ ಹಣ್ಣು ಇಡಿಯಾಗಿಯೇ ಕಾಣುತ್ತದೆ. ದೇಶದಾದ್ಯಂತ ಬೆಳೆ ನಷ್ಟ ಈಚಿನ ವರ್ಷಗಳಲ್ಲಿ ವರ್ಷಕ್ಕೆ 30 ಕೋಟಿ ಯೆನ್‌ಗೂ ಮೇಲಿದೆ.

ಆಮೇಲೆ ಕಟ್ಟಡಗಳು. ಕ್ಯೋಟೋ ಸುತ್ತಲಿನ ಹಳೆಯ ಮರದ ದೇಗುಲಗಳ ಕಂಬಗಳಲ್ಲಿ ಐದು ಬೆರಳಿನ ಉಗುರು ಗೀರುಗಳಿವೆ. ಕಂಬ ಹತ್ತಿ ಚಾವಣಿಯೊಳಗೆ ಸೇರಿ ಮರಿ ಹಾಕುತ್ತವೆ. ಒಂದೇ ಜಾಗದಲ್ಲಿ ಮಲ ಹಾಕುವ ಅಭ್ಯಾಸ ಇರುವುದರಿಂದ ಮರದ ಹಲಗೆ ಕೊಳೆತು ಕುಸಿಯುತ್ತದೆ. ನೂರಾರು ವರ್ಷ ಬೆಂಕಿ, ಭೂಕಂಪ ತಾಳಿಕೊಂಡ ಕಟ್ಟಡಗಳು ಇವು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಗುವಂಥದ್ದು. ಹೊಕ್ಕಾಯ್ಡೋದ ಸ್ಥಳೀಯ ಸಿಹಿನೀರ ಸೀಗಡಿ, ಅಲ್ಲಿನ ಸಾಲಮಾಂಡರ್ ಎಂಬ ಹಲ್ಲಿಯಂಥ ಉಭಯಚರ, ಟೋಕಿಯೋ ಸುತ್ತಲಿನ ಕಾಂತೋ ಸೀಮೆಯ ಸಣ್ಣ ಕೊಳಗಳಲ್ಲಿ ಮೊಟ್ಟೆಯಿಡುವ ಟೋಕಿಯೋ ಸಾಲಮಾಂಡರ್, ಇವೆಲ್ಲ ರಕೂನ್ ಕೈಗೆ ಸುಲಭ ತುತ್ತು. ನೀರಿನೊಳಗೆ ಕೈಯಾಡಿಸಿ ಹುಡುಕುವ ಶತ್ರುವನ್ನು ಆ ಜೀವಿಗಳು ತಮ್ಮ ಇತಿಹಾಸದಲ್ಲೇ ಕಂಡಿರಲಿಲ್ಲ. ಹೊಕ್ಕಾಯ್ಡೋದ ನೊಪ್ಪೊರೊ ಕಾಡಿನಲ್ಲಿ ಬೂದು ಬಕಗಳು ತಮ್ಮ ಗೂಡುಗಳ ಕಾಲೊನಿಯನ್ನೇ ತೊರೆದು ಹೋದವು. ರಕೂನ್‌ಗಳು ಮರ ಹತ್ತಿದ್ದೇ ಕಾರಣವೆಂದು ಅಲ್ಲಿನ ಸಂಶೋಧಕರು ಹೇಳುತ್ತಾರೆ.

ರೋಗದ ಭಯವೂ ಇದೆ. ಉತ್ತರ ಅಮೆರಿಕದಲ್ಲಿ ರೇಬೀಸ್ ಹೊತ್ತು ತಿರುಗುವ ಮುಖ್ಯ ಪ್ರಾಣಿಗಳಲ್ಲಿ ರಕೂನ್ ಒಂದು. ಜಪಾನ್ 1957ರಿಂದ ರೇಬೀಸ್ ಮುಕ್ತ. ಅದು ಹಾಗೇ ಉಳಿಯಲಿ ಎಂದು 2000ದಿಂದ ರಕೂನ್ ಆಮದಿಗೆ ರೇಬೀಸ್ ತಪಾಸಣೆಯ ಕಟ್ಟುಪಾಡು ಹಾಕಿದರು.

ಈಗ ಜಪಾನಿನಲ್ಲಿ ರಕೂನ್ ಸಾಕಬಹುದಾ?

ಇಲ್ಲ. ಹೊರಗಿನಿಂದ ಬಂದು ಹಾನಿ ಮಾಡುವ ಜೀವಿಗಳ ಕಾನೂನು 2004ರಲ್ಲಿ ಅಂಗೀಕಾರವಾಗಿ 2005ರ ಜೂನ್‌ನಲ್ಲಿ ಜಾರಿಗೆ ಬಂತು. ಮೊದಲ ಪಟ್ಟಿಯಲ್ಲೇ ರಕೂನ್ ಇತ್ತು. ತರಿಸುವುದು, ಸಾಕುವುದು, ಸಾಗಿಸುವುದು, ಮಾರುವುದು, ಕಾಡಿಗೆ ಬಿಡುವುದು ಎಲ್ಲವೂ ಅಪರಾಧ. ವ್ಯಕ್ತಿಗೆ ಮೂರು ವರ್ಷದವರೆಗೆ ಜೈಲು ಅಥವಾ 30 ಲಕ್ಷ ಯೆನ್‌ವರೆಗೆ ದಂಡ, ಕಂಪನಿಗಾದರೆ ದಂಡ 10 ಕೋಟಿ ಯೆನ್‌ವರೆಗೆ. ಸರಣಿ ಮುಗಿದ 27 ವರ್ಷಕ್ಕೆ ಬಂದ ಕಾನೂನು. ಅಷ್ಟರಲ್ಲಿ ಎಷ್ಟೋ ತಲೆಮಾರು ರಕೂನ್‌ಗಳು ಅಲ್ಲೇ ಹುಟ್ಟಿ ಬೆಳೆದಿದ್ದವು.

ಹಿಡಿದು ಅಮೆರಿಕಕ್ಕೇ ವಾಪಸ್ ಕಳಿಸಬಹುದಲ್ಲ? ಕೊಲ್ಲಲೇಬೇಕಾ?

ಕಳಿಸಲು ಆಗುವುದಿಲ್ಲ. ಅಮೆರಿಕದಲ್ಲಿ ರಕೂನ್‌ಗೇನೂ ಕೊರತೆಯಿಲ್ಲ. ಸಾಗರದಾಚೆಯಿಂದ ರೋಗಾಣುಗಳ ಸಮೇತ ಬರುವ ಪ್ರಾಣಿಗಳನ್ನು ಅಲ್ಲಿಯ ಕಾಡಿಗೆ ಯಾರೂ ಬಿಟ್ಟುಕೊಳ್ಳುವುದಿಲ್ಲ. ಮೃಗಾಲಯಗಳು ಎಲ್ಲವನ್ನೂ ಸಾಕಲಾರವು. ಹಿಡಿದು ಸಂತಾನಶಕ್ತಿ ಹರಣ ಮಾಡಿ ಬಿಟ್ಟರೂ ಅದು ಬದುಕಿರುವಷ್ಟು ಕಾಲ ಸಾಲಮಾಂಡರ್ ತಿನ್ನುವುದು ತಪ್ಪುವುದಿಲ್ಲ.

ಹಾಗಾಗಿ ಪಟ್ಟಣ ಪಂಚಾಯಿತಿಗಳು ಬೋನು ಇಡುತ್ತವೆ, ಸಿಹಿ ತಿಂಡಿಯ ಆಮಿಷ ಒಡ್ಡುತ್ತವೆ, ಸಿಕ್ಕಿದ್ದನ್ನು ನೋವಾಗದಂತೆ ಕೊಲ್ಲುತ್ತವೆ. ದೇಶದಾದ್ಯಂತ ವರ್ಷಕ್ಕೆ ಹೀಗೆ ಸಾಯುವವು ಹತ್ತಾರು ಸಾವಿರ. ನನಗೆ ಇದು ಸುಲಭವಾಗಿ ಬರೆಯುವ ವಾಕ್ಯವಲ್ಲ. ಆ ಪ್ರಾಣಿಗಳಲ್ಲಿ ಒಂದೂ ತಾನಾಗಿ ಸಮುದ್ರ ದಾಟಿ ಬಂದದ್ದಲ್ಲ. ಆದರೂ ಈ ಕೆಲಸ ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ನಿಲ್ಲಿಸಿದರೆ ಸಾಯುವುದು ಬೇರೆಲ್ಲೂ ಇಲ್ಲದ, ಕೂಗಲೂ ಬಾರದ ಸಣ್ಣ ಜೀವಿಗಳು.

ಹಾಗಾದರೆ ತಪ್ಪು ಸರಣಿಯದ್ದೇ ಅಲ್ವಾ?

ಸರಣಿ ಏನನ್ನೂ ಮುಚ್ಚಿಡಲಿಲ್ಲ. ಜೋಳದ ಹೊಲವನ್ನು ತೋರಿಸಿತು, ನೆರೆಯವರ ಸಿಟ್ಟನ್ನು ತೋರಿಸಿತು, ಬೋನನ್ನು ತೋರಿಸಿತು, ಕಾಡುಪ್ರಾಣಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲಾಗದು ಎಂದು ಸ್ಪಷ್ಟವಾಗಿ ಹೇಳಿತು. ಆದರೆ ವರ್ಷವಿಡೀ ಭಾನುವಾರ ಭಾನುವಾರ ಮುದ್ದಾದ ಮುಖವನ್ನು ನೋಡಿದ ಮಗುವಿಗೆ ಕೊನೆಯ ಕಂತಿನ ಒಂದು ಸಂಜೆ ಎಷ್ಟು ಹೇಳೀತು? ಈ ಅಳತೆಯ ದೋಷ ಸರಣಿಯದು, ಅದನ್ನು ನಾನು ಒಪ್ಪುತ್ತೇನೆ.

ಹೆಚ್ಚಿನ ಹೊಣೆ ಬೇಡಿಕೆ ಕಂಡ ಕೂಡಲೇ ಹಡಗಿನಲ್ಲಿ ಮರಿ ತರಿಸಿ ಮಾರಿದ ವ್ಯಾಪಾರದ್ದು, ಅದನ್ನು ತಡೆಯದ ಆಡಳಿತದ್ದು.

ಇದರಲ್ಲಿ ಅತಿ ನೋವಿನ ಸಂಗತಿ ಬೇರೆಯಿದೆ. ರಕೂನ್ ಬಿಟ್ಟ ಜಪಾನಿನ ಕುಟುಂಬಗಳಲ್ಲಿ ಎಷ್ಟೋ ಮಂದಿ ಕಟುಕರಾಗಿರಲಿಲ್ಲ. ಕೊಲ್ಲಲು ಮನಸ್ಸಾಗದೆ, ಸ್ಟರ್ಲಿಂಗ್ ಮಾಡಿದ್ದನ್ನೇ ಮಾಡಿದರು. ಮರಗಳಿರುವ ಜಾಗ ನೋಡಿ ಬಿಟ್ಟು, ತಿರುಗಿ ನೋಡುತ್ತ ಬಂದರು. ಹುಡುಗ ಬಿಟ್ಟದ್ದು ಅದರ ತವರಿಗೆ, ಇವರು ಬಿಟ್ಟದ್ದು ಅದಕ್ಕೆ ಯಾರೂ ಇಲ್ಲದ ನಾಡಿಗೆ.

ಇಷ್ಟೆಲ್ಲ ಆದ ಮೇಲೂ ರಾಸ್ಕಲ್ ಗೊಂಬೆ ಜಪಾನಿನ ಅಂಗಡಿಗಳಲ್ಲಿ ಯಾಕಿದೆ?

ಜನ ಈಗಲೂ ಪ್ರೀತಿಸುತ್ತಾರೆ, ಅದಕ್ಕೆ. ಕರ್ಚೀಫು, ಬೀಗದಕೈ ಸರ, ಊಟದ ಡಬ್ಬಿ, ಎಲ್ಲದರ ಮೇಲೂ ಆ ಮುಖ ಇದೆ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬಟ್ಟೆಯ ರಾಸ್ಕಲ್ ಯಾರ ಕೊಳಕ್ಕೂ ಕೈ ಹಾಕುವುದಿಲ್ಲ.

ಸ್ಟರ್ಲಿಂಗ್ ಮನೆ ಈಗಲೂ ಇದೆಯಾ?

ಎಡ್ಜರ್ಟನ್‌ನಲ್ಲಿ ಅವರ ಬಾಲ್ಯದ ಮನೆಯನ್ನು ಆ ಕಾಲದ ರೂಪಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಜಪಾನಿನಿಂದಲೂ ಅಭಿಮಾನಿಗಳು ಅಲ್ಲಿಗೆ ಹೋಗುತ್ತಾರೆ. ಅಮೆರಿಕದ ಮಧ್ಯಪಶ್ಚಿಮದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಒಂದು ದಿನದ ಪ್ರವಾಸ, ಶಿಕಾಗೋದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ತೆರೆದಿರುವ ದಿನ ವಿಚಾರಿಸಿಕೊಂಡು ಹೊರಡಿ.

ನಮ್ಮ ತೋಟದಲ್ಲಿ ಕಾಡುಪ್ರಾಣಿ ಮರಿ ಸಿಕ್ಕಿದರೆ ಸಾಕಬಹುದಾ? ಮಕ್ಕಳು ಹಟ ಮಾಡುತ್ತಾರೆ.

ಸಾಕಬೇಡಿ. ಕಾಡುಪಾಪ, ನಕ್ಷತ್ರ ಆಮೆ, ನಮ್ಮ ಗಿಳಿಗಳು, ಮುಂಗುಸಿ, ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಂಟಿಯಾಗಿ ಕಂಡ ಮರಿ ಬಹಳ ಸಲ ಅನಾಥವಾಗಿರುವುದಿಲ್ಲ. ತಾಯಿ ಮೇವಿಗೆ ಹೋಗಿರುತ್ತದೆ, ನಾವು ಅಲ್ಲೇ ನಿಂತರೆ ಹತ್ತಿರ ಬರುವುದಿಲ್ಲ. ನಾಯಿಗಳನ್ನು ಕಟ್ಟಿಹಾಕಿ, ದೂರದಿಂದ ಕಾದು ನೋಡಿ. ಗಾಯವಾಗಿದ್ದರೆ, ಅಥವಾ ತಾಯಿ ಸತ್ತದ್ದು ಖಚಿತವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರುವವರೆಗೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲೆಯಲ್ಲಿ, ಸದ್ದಿಲ್ಲದ ಕಡೆ ಇಡಿ. ಹಸುವಿನ ಹಾಲು ಕುಡಿಸಬೇಡಿ.

ಇದರ ಇನ್ನೊಂದು ಮಗ್ಗುಲೂ ಇದೆ. ಅಂಗಡಿಯಲ್ಲಿ ಕಾಸಿನಗಲ ಇದ್ದಾಗ ಕೊಂಡ ಕೆಂಪುಕಿವಿ ಆಮೆ ತಟ್ಟೆಯಗಲ ಬೆಳೆದ ಮೇಲೆ ಪಾಪ, ಕೆರೆಯಲ್ಲಿ ಸುಖವಾಗಿರಲಿ ಎಂದು ಬಿಡುವವರಿದ್ದಾರೆ. ಆ ಆಮೆಯೂ ರಕೂನ್‌ನಂತೆ ಅಮೆರಿಕದ್ದೇ. ಕೇರಳದಲ್ಲಿ ಅದನ್ನು ನೀರಿನಿಂದ ಹಿಡಿದು ತೆಗೆಯುವ ಕೆಲಸ ಈಗಾಗಲೇ ಶುರುವಾಗಿದೆ. ನಿಮ್ಮ ಮನೆಯಲ್ಲಿ ಅಂಥದ್ದಿದ್ದು ಸಾಕಲಾರಿರಿ ಎಂದಾದರೆ ಕೆರೆಗೆ ಮಾತ್ರ ಬಿಡಬೇಡಿ. ಸಾಕಬಲ್ಲವರಿಗೆ ದಾಟಿಸಿ, ಇಲ್ಲವೇ ಹತ್ತಿರದ ಪ್ರಾಣಿ ಪುನರ್ವಸತಿ ಕೇಂದ್ರವನ್ನು ಕೇಳಿ.